ಬರ್ತೀನಿ ಅಂದರು

ಹಿಂದೆ ಜಲ್ಲಿ ನುರಿಯುವ ಸದ್ದು ಕೇಳುತ್ತಲೇ ಇತ್ತು. ಆದ್ದರಿಂದ ನಿಶ್ಚಿತಾ ತಿರುಗಿ ನೋಡಲಿಲ್ಲ.

ಕಾಡಿನೊಳಗಿನ ಏರುಹಾದಿ ಅದು. ಕೆಂಪು ಮಣ್ಣು, ಮೇಲೆ ಚೆಲ್ಲಿದ ಸಣ್ಣ ಜಲ್ಲಿ, ಅಲ್ಲಲ್ಲಿ ಅಡ್ಡ ಮಲಗಿದ ಮರದ ಬೇರು. ಇಂಥ ಕಡೆ ಹಿಂದೆ ತಿರುಗಿದರೆ ಮುಂದಿನ ಗಾಲಿ ತನ್ನ ಪಾಡಿಗೆ ತಾನು ತೀರ್ಮಾನ ಮಾಡಿಬಿಡುತ್ತದೆ. ಹಾಗಾಗಿ ಅವಳು ಮುಂದೆ ನೋಡುತ್ತ, ಹಿಂದಕ್ಕೆ ಮಾತಾಡುತ್ತ ತುಳಿಯುತ್ತಿದ್ದಳು.

"ಮಾವ, ಇಲ್ಲಿ ಬೇರಿದೆ, ಎಡಕ್ಕೆ ಬನ್ನಿ."

"ಗೇರ್ ಇಳಿಸಿ ಮಾವ, ಮಂಡಿ ಮೇಲೆ ಹಾಕ್ಕೋಬೇಡಿ."

"ಇನ್ನೊಂದೇ ತಿರುವು. ಆಮೇಲೆ ಪೂರ್ತಿ ಇಳಿಜಾರು."

ಉತ್ತರ ಬರಲಿಲ್ಲ. ಬರದಿದ್ದುದು ವಿಶೇಷವೆಂದೂ ಅವಳಿಗೆ ಅನಿಸಲಿಲ್ಲ. ಮಾವ ಅನಂತರಾಮ್ ಏರಿನಲ್ಲಿ ಬಾಯಿ ಬಿಡುವವರಲ್ಲ. ಏರು ಹತ್ತುವ ಎಂಜಿನ್ನು ಸೀಟಿ ಹೊಡೆದು ಹಬೆ ಪೋಲು ಮಾಡಬಾರದು ಎನ್ನುವುದು ಅವರ ಸಿದ್ಧಾಂತ. ನೌಕರಿಯ ಕಾಲವನ್ನೆಲ್ಲ ಮೈಸೂರು ಸೀಮೆಯ ಪುಟ್ಟ ಪುಟ್ಟ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿ ಕಳೆದವರು. ಅವರ ಸಿದ್ಧಾಂತಗಳೆಲ್ಲ ಹಳಿಯ ಮೇಲೆಯೇ ಓಡುತ್ತವೆ.

ಸದ್ದು ಹತ್ತಿರವಾಯಿತು. ಪರವಾಗಿಲ್ಲವೇ ಮಾವ, ಎಂದುಕೊಂಡು ಅವಳು ಪಕ್ಕಕ್ಕೆ ಸರಿದು ದಾರಿ ಕೊಟ್ಟಳು.

"ಸಾರಿ ಆ, ಪಾಸಿಂಗ್," ಎಂದಿತು ಒಂದು ಎಳೆಯ ದನಿ. ನೀಲಿ ಜೆರ್ಸಿ ತೊಟ್ಟ ಯಾರೋ ಒಬ್ಬ ಅವಳನ್ನು ದಾಟಿಕೊಂಡು ಹೋಗಿ ತಿರುವಿನಲ್ಲಿ ಮರೆಯಾದ. ಜಲ್ಲಿಯ ಸದ್ದೂ ಅವನ ಜೊತೆಯಲ್ಲೇ ಹೊರಟುಹೋಯಿತು.

ನಿಶ್ಚಿತಾ ಬ್ರೇಕು ಹಿಡಿದಳು. ಒಂದು ಕಾಲನ್ನು ನೆಲಕ್ಕೆ ಊರಿ, ಈಗ ತಿರುಗಿ ನೋಡಿದಳು.

ಹಾದಿ ಖಾಲಿ. ಎರಡೂ ಕಡೆ ಮರ, ಮರಕ್ಕೆ ಸುತ್ತಿದ ಬಳ್ಳಿ, ಬಳ್ಳಿಗಳ ಸಂದಿಯಲ್ಲಿ ಕಿವಿ ಕೊರೆಯುವ ಜೀರುಂಡೆ. ಹಳದಿ ಹೆಲ್ಮೆಟ್ ಎಲ್ಲೂ ಇಲ್ಲ.

"ಮಾವ?"

ಅವಳು ಕಾದಳು. ಪಂಕ್ಚರ್ ಆಗಿರಬಹುದು. ನೀರು ಕುಡಿಯಲು ನಿಂತಿರಬಹುದು. ಅಥವಾ ಯಾವುದಾದರೂ ಮರದ ಹಿಂದೆ ಹೋಗಿರಬಹುದು, ವಯಸ್ಸಾದವರು. ಇಷ್ಟು ಹೊತ್ತು ತಾನು ಹೇಳಿದ್ದನ್ನೆಲ್ಲ, ಬೇರು, ಗೇರು, ಮಂಡಿ, ಎಲ್ಲವನ್ನೂ ಆ ನೀಲಿ ಜೆರ್ಸಿಯವನು ಕೇಳಿಸಿಕೊಂಡನೇ? ಅದಕ್ಕೂ ಮುಂಚೆ ಯಾರು ಕೇಳಿಸಿಕೊಂಡರು? ಮಾವನ ನಂಬರು ಒತ್ತಿದಳು.

ಟ್ರಿಣ್ ಟ್ರಿಣ್ ಎಂದು ಹಳೇ ಕಾಲದ ಟೆಲಿಫೋನ್ ಗಂಟೆ ಅವಳ ಮೂಗಿನ ಕೆಳಗೇ ಹೊಡೆದುಕೊಂಡಿತು. ಅವಳ ಸೈಕಲ್ಲಿನ ಹ್ಯಾಂಡಲ್ ಬ್ಯಾಗಿನ ಒಳಗಿಂದ.

ಫೋನನ್ನು ಅವಳ ಕೈಗೆ ಕೊಟ್ಟದ್ದು ಅವರೇ. ಬೆಳಿಗ್ಗೆ ಬುಕಿತ್ ಬಾಟೋಕ್‌ನ ಅವರ ಬ್ಲಾಕಿನ ಕೆಳಗಿನ ಖಾಲಿ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಗಾಳಿ ಹೊಡೆಯುತ್ತಿದ್ದಾಗ, "ಇದನ್ನ ನಿನ್ ಬ್ಯಾಗಲ್ಲೇ ಹಾಕ್ಕೊಳಮ್ಮ, ಮಳೆ ಬಂದ್ರೆ ನೆನೆಯುತ್ತೆ," ಎಂದಿದ್ದರು. ಗ್ಲೂಕೋಸ್ ಮಾತ್ರೆ, ಎರಡು ಜ್ಯೂಸ್ ಡಬ್ಬಿ ಮೊದಲೇ ಆ ಬ್ಯಾಗಿನಲ್ಲಿದ್ದವು. ಅವರ ಸೈಕಲ್ಲಿಗೂ ಒಂದು ಬ್ಯಾಗು ಕಟ್ಟುತ್ತೇನೆಂದು ಅವಳು ಹೋದ ವಾರವೇ ಹೇಳಿದ್ದಳು. "ನನ್ ಸೈಕಲ್ಲಿಗೆ ಔಷಧಿ ಗಂಟು ನೇತಾಕಬೇಡ. ಅದೇನು ಜನರಲ್ ವಾರ್ಡಾ?"

ಅನಂತರಾಮ್ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವವರು. ತೋಳಿಗೆ ಬಿಲ್ಲೆಯಂಥ ಒಂದು ಸೆನ್ಸರ್ ಅಂಟಿಸಿದ್ದಾರೆ. ರಕ್ತದ ಸಕ್ಕರೆ ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅದು ಅವರ ಫೋನಿಗೆ ಹೇಳುತ್ತಿರುತ್ತದೆ. ಆದರೆ ಫೋನು ಹತ್ತಿರದಲ್ಲಿರಬೇಕು. ಒಂದು ಕೋಣೆಯ ಆಚೆ ಹೋದರೆ ಎರಡಕ್ಕೂ ಮಾತು ಬಿಟ್ಟುಹೋಗುತ್ತದೆ.

ಅವಳು ಫೋನು ತೆಗೆದು ನೋಡಿದಳು. ಸೆನ್ಸರಿನ ಸಿಗ್ನಲ್ ಇಲ್ಲ ಎಂದಿತ್ತು. ಮಾತು ಬಿಡುವ ಮುಂಚಿನ ಕೊನೆಯ ಅಂಕಿ 5.2. ಈ ಊರಿನ ಅಳತೆಯಲ್ಲಿ ಅದೇನೂ ಅಪಾಯದ ಅಂಕಿಯಲ್ಲ; ನಾಲ್ಕಕ್ಕಿಂತ ಕೆಳಗಿಳಿದರೆ ಮಾತ್ರ ಅಪಾಯ. ಆದರೆ ಪಕ್ಕದಲ್ಲಿ ಒಂದು ಬಾಣವಿತ್ತು, ಓರೆಯಾಗಿ ಕೆಳಕ್ಕೆ.

ಅವಳು ಸೈಕಲ್ ತಿರುಗಿಸಿದಳು.

ಹತ್ತುವಾಗ ಜಾಗರೂಕತೆಯಿಂದ ಹತ್ತಿದ ಹಾದಿಯನ್ನು ಇಳಿಯುವಾಗ ಅವಳು ಲೆಕ್ಕಿಸಲಿಲ್ಲ. ಬೇರುಗಳ ಮೇಲೆ ಗಾಲಿ ಎಗರಿತು, ಹಲ್ಲಿಗೆ ಹಲ್ಲು ಬಡಿಯಿತು. ಕಣ್ಣು ಮಾತ್ರ ಹಾದಿಯ ಮೇಲಿರಲಿಲ್ಲ. ಎಡಗಡೆಯ ಚರಂಡಿ, ಬಲಗಡೆಯ ಇಳಿಜಾರು, ಮತ್ತೆ ಚರಂಡಿ. ಹಳದಿ ಬಣ್ಣದ್ದು ಏನು ಕಂಡರೂ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಅದು ಬಿದ್ದ ಎಲೆ. ಇನ್ನೊಮ್ಮೆ ಯಾರೋ ಎಸೆದ ಬಿಸ್ಕತ್ತಿನ ಪೊಟ್ಟಣ.

ನಿನ್ನೆ ರಾತ್ರಿಯ ಊಟದಲ್ಲಿ ಸಂಕೇತ್ ಹೇಳಿದ್ದು ಕಿವಿಯಲ್ಲಿ ಕುಳಿತಿತ್ತು. ಸಂಕೇತ್ ಅವಳ ಗಂಡ. ರಾಫೆಲ್ಸ್ ಪ್ಲೇಸ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವನು. ಈ ಶನಿವಾರವೂ ಆಫೀಸಿನಲ್ಲಿದ್ದ. "ನೋಡಪ್ಪ, ಆ ಫಾರೆಸ್ಟ್ ಲೂಪ್ ಒಂದ್ಸಲ ಕಂಪ್ಲೀಟ್ ಮಾಡಿ. ಏನೂ ಡ್ರಾಮಾ ಆಗದೆ ವಾಪಸ್ ಬಂದ್ರೆ ನಾನೇ ಫ್ರಾನ್ಸಿಗೆ ಟಿಕೆಟ್ ಬುಕ್ ಮಾಡ್ತೀನಿ. ಆಗಲಿಲ್ಲ ಅಂದ್ರೆ ಈ ಸಬ್ಜೆಕ್ಟ್ ಕ್ಲೋಸ್."

ಫ್ರಾನ್ಸಿನ ಹುಚ್ಚು ಹಿಡಿಸಿದವಳು ನಿಶ್ಚಿತಾಳೇ. ಹೋದ ವರ್ಷ ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋದಾಗ, ಶನಿವಾರ ಭಾನುವಾರ ಜಲ್ಲಿ ಹಾದಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ಲನ್ನು ಬಾಡಿಗೆಗೆ ಹಿಡಿದು ಹಳ್ಳಿಗಾಡಿನಲ್ಲಿ ಸುತ್ತಿದ್ದಳು. ಅಲ್ಲಿ ಹಸಿರುಹಾದಿ ಎಂಬ ದಾರಿಗಳಿವೆ. ರೈಲು ನಿಂತುಹೋದ ಕಡೆ ಹಳಿ ಕಿತ್ತು, ಜಲ್ಲಿ ಹಾಸಿ ಸೈಕಲ್ಲಿಗೆ ಬಿಟ್ಟಿದ್ದಾರೆ. ಆ ಹಾದಿ ಕಾಲುವೆಯ ಪಕ್ಕ ಸಾಗಿ, ಓಕ್ ಮರಗಳ ಕಾಡು ಹೊಕ್ಕು, ಯಾವುದೋ ಊರಿನ ಹಿತ್ತಲಿಗೆ ಹೋಗಿ ಬೀಳುತ್ತದೆ. ಅಲ್ಲೊಂದು ಸ್ಟೇಷನ್ ಕಾಫಿ ಅಂಗಡಿಯಾಗಿತ್ತು ಎಂದು ಅವಳು ಹೇಳಿದಾಗ, ಅನಂತರಾಮ್ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ್ದರು.

"ಊರಿನ ಬೋರ್ಡು ಇದೆಯಾ ಇನ್ನೂ? ಪ್ಲಾಟ್‌ಫಾರಂ ಮೇಲೆ?"

"ಇದೆ ಮಾವ. ಬಣ್ಣ ಹೊಡೆದು ಹಾಗೇ ಇಟ್ಟಿದಾರೆ."

"ಹಂಗಾದ್ರೆ ಅದನ್ನ ನೋಡಬೇಕು ನಾನು," ಎಂದಿದ್ದರು. ಮರುದಿನವೇ ಸೈಕಲ್ ಕೇಳಿದ್ದರು.

ಇಲ್ಲಿಯೂ ಅಂಥದೇ ಹಾದಿಯಿದೆ ಎಂದು ತೋರಿಸಿದ್ದೂ ಅವಳೇ. ಮಲೇಷ್ಯಾಕ್ಕೆ ಹೋಗುತ್ತಿದ್ದ ಹಳೆಯ ರೈಲು ದಾರಿ. ಹಳಿ ಕಿತ್ತು ಜಲ್ಲಿ ಹಾಸಿದ್ದಾರೆ. ಮೀಟರ್ ಗೇಜ್ ಇದು, ನಮ್ಮದೇ ಅಳತೆ, ಎಂದು ಮಾವ ಮೊದಲ ದಿನವೇ ಆ ಹಾದಿಯನ್ನು ತಮ್ಮದು ಮಾಡಿಕೊಂಡಿದ್ದರು. ರೈಲು ದಾರಿ ಚಪ್ಪಟೆ. ಅದರಲ್ಲಿ ಅವರು ಎಷ್ಟು ದೂರ ಬೇಕಾದರೂ ಹೋಗಬಲ್ಲರು. ಕಾಡಿನ ಲೂಪ್ ಅದರಿಂದ ಕವಲೊಡೆದು ಗುಡ್ಡ ಹತ್ತುತ್ತದೆ.

ಆ ಕವಲಿನಲ್ಲೇ ಇಂದು ಇಬ್ಬರೂ ನಿಂತಿದ್ದರು. ಅವಳು ಕೇಳಿದ್ದಳು, "ಮಾವ, ನಿಜ ಹೇಳಿ, ಹತ್ತಕ್ಕಾಗುತ್ತಾ? ಇಲ್ಲಾಂದ್ರೆ ನೀವು ಈ ರೈಲ್ ದಾರೀಲೇ ಆರಾಮಾಗಿ ಇರಿ. ನಾನೊಂದು ರೌಂಡ್ ಹಾಕ್ಕೊಂಡು ಬರ್ತೀನಿ."

ಅವರು ಏರನ್ನು ನೋಡಿದ್ದರು. ಒಂದು ಸಲ ಬೆಲ್ ಬಾರಿಸಿದ್ದರು, ಸುಮ್ಮನೆ. "ಸರಿನಮ್ಮ. ನಾನು ಬರ್ತೀನಿ."

"ಬನ್ನಿ ಬನ್ನಿ," ಎಂದು ಖುಷಿಯಿಂದ ಹೇಳಿ ಅವಳು ಪೆಡಲು ತುಳಿದಿದ್ದಳು. ಬರ್ತೀನಿ ಅಂದರು, ಬರುತ್ತಾರೆ. ಅದರಲ್ಲಿ ಅನುಮಾನಕ್ಕೆ ಎಡೆ ಎಲ್ಲಿತ್ತು?

ಕವಲು ಬಂತು. ಅಲ್ಲಿಯೂ ಅವರಿರಲಿಲ್ಲ. ದಾರಿಯುದ್ದಕ್ಕೂ ಇರಲಿಲ್ಲ. ಆಕಾಶದಲ್ಲಿ ದೂರದಿಂದ ಒಂದು ಗುಡುಗು ಉರುಳಿಕೊಂಡು ಬಂದು ತಲೆಯ ಮೇಲೆ ನಿಂತಿತು. ಬೆಳಕು ಇದ್ದಕ್ಕಿದ್ದಂತೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಈ ಊರಿನ ಮಳೆ ಹೇಳಿ ಬರುವುದು ಇಷ್ಟೇ.

ಅವಳು ಮನೆಗೆ ಫೋನ್ ಮಾಡಿದಳು. ಅತ್ತೆ ನಾಗಮಣಿ ಎತ್ತಿಕೊಂಡರು.

"ಅತ್ತೆ, ಮಾವ ಮನೆಗೇನಾದ್ರೂ ಬಂದ್ರಾ?"

"ಅದ್ಯಾಕೆ ಬರ್ತಾರೆ? ನಿನ್ ಜೊತೆ ಅಲ್ವೇನೆ ಇರೋದು?"

"ಇದ್ರು. ಈಗ ಕಾಣಿಸ್ತಿಲ್ಲ. ನಾನು ಮುಂದೆ ಹೋಗ್ತಿದ್ದೆ, ಅವರು ಹಿಂದೆ ಬರ್ತಿದಾರೆ ಅಂದ್ಕೊಂಡೆ."

"ಅಂದ್ಕೊಂಡೆ ಅಂದ್ರೆ?"

"ಬರ್ತೀನಿ ಅಂದ್ರು ಅತ್ತೆ."

"ಹೇಗಂದ್ರು? ಸರಿಯಾಗಿ ಹೇಳು."

"ಸರಿನಮ್ಮ, ನಾನು ಬರ್ತೀನಿ ಅಂದ್ರು. ನಾನು ಬನ್ನಿ ಬನ್ನಿ ಅಂದೆ."

ಆ ಕಡೆ ಕುಕ್ಕರು ಒಂದು ಸೀಟಿ ಹಾಕಿತು.

"ಅಯ್ಯೋ ನಿನ್ನ. ಅವರು ಹೊರಟೆ ಅಂದಿದಾರೆ ಕಣೇ. ನೀನು ಬನ್ನಿ ಅಂದಿದೀಯ. ಹೋಗಿ ಬನ್ನಿ ಅಂತ ಕಳಿಸಿಕೊಟ್ಟಿದೀಯ ನೀನೇ."

ನಿಶ್ಚಿತಾ ಏರುಹಾದಿಗೆ ಬೆನ್ನು ಮಾಡಿ ರೈಲು ದಾರಿಯತ್ತ ನೋಡಿದಳು.

ಆ ಮನೆಯಲ್ಲಿ ಹೋಗ್ತೀನಿ ಎಂಬ ಮಾತಿಲ್ಲ. ಮೈಸೂರಿನಲ್ಲೂ ಇರಲಿಲ್ಲ, ಬುಕಿತ್ ಬಾಟೋಕ್‌ನ ಒಂಬತ್ತನೇ ಮಹಡಿಯಲ್ಲೂ ಇಲ್ಲ. ಹೋಗುವವರು ಬರ್ತೀನಿ ಅನ್ನಬೇಕು. ಹೋಗ್ತೀನಿ ಅಂದವರು ಹೋದಂತೆಯೇ ಎನ್ನುವುದು ನಾಗಮಣಿಯವರ ಕಾನೂನು. ನಿಶ್ಚಿತಾಳ ಮಗಳು ಇಶಿತಾ ಕೂಡ ಲಿಫ್ಟಿನ ಬಾಗಿಲಲ್ಲಿ ನಿಂತು "ಬರ್ತೀನಿ ಲಾ, ಅಜ್ಜಿ" ಎಂದೇ ಸ್ಕೂಲಿಗೆ ಹೊರಡುತ್ತಾಳೆ. ನಿಶ್ಚಿತಾ ಮಾತ್ರ ಬೈ ಎನ್ನುವ ಮನೆಯಲ್ಲಿ ಬೆಳೆದವಳು. ಬೆಂಗಳೂರಿನ ಅವಳ ತವರಿನಲ್ಲಿ ಅಜ್ಜನಿಗೂ ಬೈ, ಹಾಲಿನವನಿಗೂ ಬೈ. ಅವಳಿಗೆ ಈ ಪದ್ಧತಿ ಗೊತ್ತಿರಲಿಲ್ಲವೆಂದಲ್ಲ. ಹೊಸ್ತಿಲಿನಲ್ಲಿ ಗೊತ್ತಿತ್ತು. ಕಾಡಿನ ಕವಲಿನಲ್ಲಿ ಹೊಳೆಯಲಿಲ್ಲ.

ಈ ರೈಲ್ ದಾರೀಲೇ ಇರಿ ಎಂದು ಅವಳೇ ಹೇಳಿದ್ದಳು. ಅವರು ಒಪ್ಪಿದ್ದರು. ಫ್ರಾನ್ಸನ್ನು ಅಲ್ಲೇ, ಅಷ್ಟೇ ಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ಸೊಸೆ ಅದಕ್ಕೆ ಖುಷಿಯಿಂದ ಬನ್ನಿ ಬನ್ನಿ ಅಂದಿದ್ದಳು.

"ಅತ್ತೆ, ಬೆಳಿಗ್ಗೆ ತಿಂಡಿ ಸರಿಯಾಗಿ ತಿಂದ್ರಾ?"

"ಎಲ್ಲಿ? ಇಂಜೆಕ್ಷನ್ ತಗೊಂಡ್ರು. ಒಂದು ದೋಸೆ ತಿಂದು ಎದ್ರು. ಹೊಟ್ಟೆ ಭಾರ ಆದ್ರೆ ಏರು ಹತ್ತಕ್ಕಾಗಲ್ವಂತೆ. ಇನ್ನೆರಡು ಇಲ್ಲೇ ತಟ್ಟೇಲಿ ಒಣಗ್ತಿದೆ." ಅತ್ತೆಯ ದನಿ ಸಣ್ಣಗಾಯಿತು. "ನಿಶ್ಚಿತಾ, ಅವರಿಗೆ ಶುಗರ್ ಇಳಿಯೋದು ಗೊತ್ತಾಗಲ್ಲ ಕಣೇ. ಮೊದಲಿನ ಥರ ಕೈ ನಡುಗಲ್ಲ."

"ಗೊತ್ತು ಅತ್ತೆ. ಹುಡುಕ್ತೀನಿ. ಸಂಕೇತ್‌ಗೆ ಈಗಲೇ ಹೇಳಬೇಡಿ."

"ಹೇಳ್ತೀನಿ," ಎಂದು ನಾಗಮಣಿ ಫೋನಿಟ್ಟರು.

ರೈಲು ದಾರಿ ಎರಡು ಕಡೆಗೆ ಹೋಗುತ್ತದೆ. ಒಂದು ಕಡೆ ಅವರು ಬಂದ ದಾರಿ, ಹಿಲ್‌ವ್ಯೂ ಮೂಲಕ ಮನೆ. ಇನ್ನೊಂದು ಕಡೆ ಹೆದ್ದಾರಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆ, ಅದರಾಚೆ ಇನ್ನೂ ಉದ್ದಕ್ಕೆ. ಒಂದು ಕಡೆ ಹೋಗಿ ಇಲ್ಲವೆಂದು ಇನ್ನೊಂದು ಕಡೆ ಬರುವಷ್ಟು ಸಮಯ ಆ ಓರೆ ಬಾಣ ಕೊಡುತ್ತದೋ ಇಲ್ಲವೋ.

ಕವಲಿನ ಬೆಂಚಿನ ಹತ್ತಿರ ಒಬ್ಬ ಚೀನೀ ಅಂಕಲ್ ಉದ್ದನೆಯ ಕ್ಯಾಮೆರಾವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದರು. ಹಕ್ಕಿ ನೋಡಲು ಬಂದವರು. ಹಳದಿ ಹೆಲ್ಮೆಟ್ಟಿನ ವಯಸ್ಸಾದವರು ಕಂಡರೇ ಎಂದು ನಿಶ್ಚಿತಾ ಕೇಳಿದಳು.

"ಯೆಲ್ಲೋ ಹೆಲ್ಮೆಟ್? ಸೀ ಆಲ್ರೆಡಿ," ಎಂದರು ಅಂಕಲ್. "ಯುವರ್ ಫಾದರ್ ಆ? ಹಿಸ್ ಇಂಗ್ಲಿಷ್ ವೆರಿ ಪವರ್ ಲಾ. ಹಿ ಆಸ್ಕ್ ಮಿ, ಲೈನ್ ಕ್ಲಿಯರ್ ಗಾಟ್ ಆರ್ ನಾಟ್. ಐ ಸೇ ಅಂಕಲ್, ಟ್ರೇನ್ ನೋ ಮೋರ್, ಲಾಂಗ್ ಟೈಮ್ ಆಲ್ರೆಡಿ." ಅವರು ನಕ್ಕರು.

ನಿಶ್ಚಿತಾ ನಗಲಿಲ್ಲ. ಲೈನ್ ಕ್ಲಿಯರ್ ಎಂದರೆ ರೈಲು ಬಿಡಲು ಮುಂದಿನ ಸ್ಟೇಷನ್ನು ಕೊಡುವ ಒಪ್ಪಿಗೆ. ಶುಗರ್ ಇಳಿದರೆ ಮಾವನಿಗೆ ಇಂಗ್ಲಿಷ್ ಏರುತ್ತದೆ ಎನ್ನುವುದು ಮನೆಯ ಜೋಕು. ಸರಿಯಿದ್ದಾಗ ಅವರು ಕನ್ನಡ ಬಿಟ್ಟು ಕದಲುವವರಲ್ಲ. ಹಾಕರ್ ಸೆಂಟರ್ ಎಂಬ ಊಟದಂಗಡಿಗಳ ಸಾಲಿನಲ್ಲಿ ಕಾಫಿಯನ್ನೂ ಬೆರಳಲ್ಲೇ ತೋರಿಸಿ ಕೊಳ್ಳುವವರು. ಒಮ್ಮೆ ಅದೇ ಹಾಕರ್ ಸೆಂಟರಿನಲ್ಲಿ, ಅಂಗಡಿಯ ಆಂಟಿಗೆ ಇದ್ದಕ್ಕಿದ್ದಂತೆ "ಮೇಡಂ, ಕೈಂಡ್ಲಿ ಇಂಟಿಮೇಟ್ ದಿ ಕಾಸ್ ಆಫ್ ಡಿಲೇ" ಎಂದು ಠೀವಿಯಿಂದ ಕೇಳಿ, ಮರುಕ್ಷಣ ಕುರ್ಚಿಯ ಮೇಲೆ ಕುಸಿದಿದ್ದರು. ಆಮೇಲೆ ಎಲ್ಲರೂ ನಕ್ಕಿದ್ದರು. ನಗುವುದಕ್ಕೆ ಅವರು ಎದ್ದು ಕೂತಿದ್ದರು, ಅದಕ್ಕೆ.

"ವಿಚ್ ಸೈಡ್, ಅಂಕಲ್?"

ಅವರು ಸೇತುವೆಯ ಕಡೆಗೆ ಕೈ ತೋರಿಸಿದರು. "ಪುಶಿಂಗ್ ದಿ ಬೈಕ್. ವಾಕ್ ಲೈಕ್ ದಿಸ್," ಎಂದು ಕೈಯನ್ನು ಅತ್ತಿತ್ತ ತೂಗಿ ತೋರಿಸಿದರು. ಆಗ ಅವರ ಮುಖದಿಂದಲೂ ನಗು ಹೋಯಿತು. "ಸಿಕ್, ಈಸ್ ಇಟ್?"

ಅವಳು ಆಗಲೇ ಹೊರಟಿದ್ದಳು.

ಜಲ್ಲಿಯ ಮೇಲೆ ಇಷ್ಟು ವೇಗವಾಗಿ ಅವಳು ಯಾವತ್ತೂ ಹೋದವಳಲ್ಲ. ಸಣ್ಣ ಕಲ್ಲುಗಳು ಗಾಲಿಯಡಿಯಿಂದ ಸಿಡಿದು ಮೊಣಕಾಲಿಗೆ ಹೊಡೆದವು. ಹಾದಿ ನೇರ, ರೈಲಿಗೆ ಮಾಡಿದ್ದು, ಎಲ್ಲಿಯೂ ಚಕ್ಕನೆ ತಿರುಗುವುದಿಲ್ಲ, ಏನನ್ನೂ ಮುಚ್ಚಿಡುವುದಿಲ್ಲ. ಅಷ್ಟು ದೂರದವರೆಗೂ ಕಾಣುತ್ತಿತ್ತು, ಅಷ್ಟು ದೂರದವರೆಗೂ ಯಾರೂ ಇರಲಿಲ್ಲ. ಸೇತುವೆಯಲ್ಲೂ ಇಲ್ಲವೆಂದರೆ ಆಂಬುಲೆನ್ಸಿಗೆಂದು 995ಕ್ಕೆ ಫೋನ್ ಮಾಡುವುದು ಎಂದು ನಿಶ್ಚಯಿಸಿದಳು. ಮಾಡಿ ಏನು ಹೇಳುವುದು? ಎಲ್ಲಿದ್ದಾರೆ ಎಂದು ಕೇಳುತ್ತಾರೆ. ಅದು ಗೊತ್ತಿದ್ದರೆ ಅವಳೇ ಅಲ್ಲಿರುತ್ತಿದ್ದಳು.

ಮೊದಲ ಹನಿಗಳು ಬಿದ್ದವು, ದಪ್ಪದಪ್ಪ, ಬಿಸಿ ಮಣ್ಣಿನ ವಾಸನೆಯನ್ನೆಬ್ಬಿಸುತ್ತ.

ಸೇತುವೆಯ ಕಪ್ಪು ಕಬ್ಬಿಣದ ತೊಲೆಗಳು ಕಂಡವು. ಮೊದಲ ತೊಲೆಗೆ ಅವರ ಸೈಕಲ್ ಒರಗಿಸಿತ್ತು. ಬಿದ್ದಿರಲಿಲ್ಲ, ಒರಗಿಸಿತ್ತು, ನೀಟಾಗಿ. ಹ್ಯಾಂಡಲ್ಲಿಗೆ ಹಳದಿ ಹೆಲ್ಮೆಟ್ ನೇತುಹಾಕಿತ್ತು, ಸ್ಟೇಷನ್ ಮಾಸ್ಟರು ಕೆಲಸ ಮುಗಿಸಿ ಟೋಪಿಯನ್ನು ಗೂಟಕ್ಕೆ ಹಾಕಿ ಹೋದ ಹಾಗೆ.

ಸೇತುವೆಯ ಮೇಲೆ ಯಾರೂ ಇಲ್ಲ.

ಅವಳು ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿದಳು. ನೋಡುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಕೆಳಗೆ ಹೆದ್ದಾರಿಯಲ್ಲಿ ಬಸ್ಸು ಕಾರುಗಳು ವೈಪರ್ ಹಾಕಿಕೊಂಡು ತಮ್ಮ ಪಾಡಿಗೆ ಹೋಗುತ್ತಿದ್ದವು. ಯಾವುದೂ ನಿಂತಿರಲಿಲ್ಲ. ನಿಂತಿಲ್ಲವೆಂದರೆ ಅಲ್ಲಿ ಏನೂ ಬಿದ್ದಿಲ್ಲ.

"ಮಾವ!"

ಮಳೆ ಒಮ್ಮೆಲೇ ಸುರಿಯತೊಡಗಿತು. ಕೂಗಿದ್ದು ಅವಳ ಕಿವಿಗೇ ಸರಿಯಾಗಿ ಕೇಳಲಿಲ್ಲ. 995 ಒತ್ತಲೆಂದು ಬ್ಯಾಗಿಗೆ ಕೈ ಹಾಕಿದಾಗ ಕೈಗೆ ಬಂದದ್ದು ಅವರ ಫೋನು. ಅದರ ಮೇಲೆ ಇನ್ನೂ ಅದೇ, ಸಿಗ್ನಲ್ ಇಲ್ಲ. ಆಗ ಅವಳಿಗೆ ಹೊಳೆಯಿತು. ಒಂದು ಕೋಣೆಯ ಆಚೆ ಹೋದರೆ ಮಾತು ಬಿಡುತ್ತದೆ. ಒಂದು ಕೋಣೆಯಷ್ಟು ಹತ್ತಿರ ಬಂದರೆ?

ಅವಳು ಹ್ಯಾಂಡಲ್ ಬ್ಯಾಗನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಫೋನನ್ನು ಎದೆಯ ಮುಂದೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅದಕ್ಕೆ ಮಳೆ ತಡೆಯುತ್ತ, ಸೇತುವೆಯ ಮೇಲೆ ನಡೆದಳು. ಆ ತುದಿಯವರೆಗೆ. ಏನೂ ಇಲ್ಲ. ತಿರುಗಿ ಬಂದಳು. ಸೈಕಲ್ಲು ದಾಟಿ, ದಿಬ್ಬದ ಅಂಚಿನ ಹುಲ್ಲಿನಲ್ಲಿ ಹೆಜ್ಜೆ ಹಾಕಿದಳು. ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಹೆಜ್ಜೆಗೊಮ್ಮೆ ನಿಂತು ಪರದೆ ನೋಡಿದಳು. ಕುರುಡಿ ಕೋಲು ಹಿಡಿದು ನಡೆದ ಹಾಗೆ ನಡೆದಳು.

ಫೋನು ಒಮ್ಮೆ ಗುಂಯ್‌ಗುಟ್ಟಿತು. ಆಮೇಲೆ ಕಿರುಚಿಕೊಂಡಿತು. ಅದರ ಮೇಲೆ ಕೆಂಪು ಬಣ್ಣ, 2.8, ನೆಟ್ಟಗೆ ಕೆಳಕ್ಕೆ ಬಾಣ. ಅಂಥ ಅಂಕಿಯನ್ನು ಕಂಡು ಅವಳಿಗೆ ಜೀವ ಬಂದಂತಾಯಿತು. ಮಾವ ಇಲ್ಲೇ ಇದ್ದಾರೆ. ಈ ಹುಲ್ಲಿನಲ್ಲಿ, ಒಂದು ಕೋಣೆಯಷ್ಟು ದೂರದಲ್ಲಿ.

ಸೇತುವೆಯ ಬುಡದ ಇಳಿಜಾರಿನಲ್ಲಿ, ಕಬ್ಬಿಣದ ತೊಲೆಯ ಕೆಳಗೆ ಮಳೆ ಬೀಳದ ಒಂದಿಷ್ಟು ಜಾಗದಲ್ಲಿ, ಅವರು ಕೂತಿದ್ದರು. ಕಲ್ಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಮೈಯೆಲ್ಲ ಒದ್ದೆ, ಅದು ಮಳೆಯಲ್ಲ, ಬೆವರು.

"ಮಾವ, ಇದನ್ನ ಕುಡೀರಿ." ಅವಳು ಜ್ಯೂಸ್ ಡಬ್ಬಿಗೆ ಕೊಳವೆ ಚುಚ್ಚಿ ಬಾಯಿಯ ಹತ್ತಿರ ಹಿಡಿದಳು.

ಅವರು ಮುಖ ಆಚೆ ತಿರುಗಿಸಿದರು. "ನೋ, ನೋ. ನಾಟ್ ಆನ್ ಡ್ಯೂಟಿ," ಎಂದರು. ನಾಲಿಗೆ ತೊದಲುತ್ತಿತ್ತು, ಗತ್ತು ಮಾತ್ರ ಹಾಗೇ ಇತ್ತು. "ಹೂ ಆರ್ ಯೂ, ಪ್ಲೀಸ್?"

"ಮಾವ, ನಾನು ನಿಶ್ಚಿತಾ. ಕುಡೀರಿ ಮಾವ."

"ಟ್ರೇನ್ ಈಸ್ ವೇಟಿಂಗ್ ಅಟ್ ದಿ ಔಟರ್. ಐ ಕೆನಾಟ್ ಲೀವ್." ಕೈಯಿಂದ ಡಬ್ಬಿಯನ್ನು ತಳ್ಳಿದರು. ಅರ್ಧ ಜ್ಯೂಸು ಅವಳ ಮೊಣಕೈಯ ಮೇಲೆ ಹರಿಯಿತು. ಕಣ್ಣು ಮುಚ್ಚಿಕೊಳ್ಳತೊಡಗಿದವು.

ಮುಚ್ಚಿಕೊಂಡರೆ ಆಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ; ಉಸಿರಿನ ದಾರಿಗೆ ಹೋಗುತ್ತದೆ. ಅವಳು ಅವರ ಕೆನ್ನೆ ತಟ್ಟಿದಳು. ಮಾವನ ಕೆನ್ನೆಯನ್ನು ಅವಳು ಯಾವತ್ತೂ ಮುಟ್ಟಿದವಳಲ್ಲ. ಎರಡನೇ ಡಬ್ಬಿಗೆ ಕೊಳವೆ ಚುಚ್ಚಿದಳು. ಇದು ಚೆಲ್ಲಿದರೆ ಉಳಿಯುವುದು ಗಟ್ಟಿ ಮಾತ್ರೆ ಮಾತ್ರ, ಅದನ್ನು ಅಗಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಸಾರ್," ಎಂದಳು. ಬೇರೆ ಯಾರದೋ ದನಿಯಲ್ಲಿ, ಜೋರಾಗಿ. "ಸ್ಟೇಷನ್ ಮಾಸ್ಟರ್ ಸಾರ್. ಲೈನ್ ಕ್ಲಿಯರ್."

ಕಣ್ಣು ತೆರೆದವು.

"ಲೈನ್ ಕ್ಲಿಯರ್ ರಿಸೀವ್ಡ್, ಸಾರ್. ಟ್ರೇನ್ ಪಾಸ್ ಆಯ್ತು. ಯುವರ್ ಡ್ಯೂಟಿ ಈಸ್ ಓವರ್. ಪ್ಲೀಸ್ ಟೇಕ್ ಯುವರ್ ಕಾಫಿ."

ಅವರು ಬಹಳ ಹೊತ್ತು ಅವಳನ್ನು ನೋಡಿದರು. ಅಥವಾ ಅವಳಿಗೆ ಬಹಳ ಹೊತ್ತೆನಿಸಿತು. "ಟೈಮ್ ನೋಟ್ ಮಾಡಿದ್ಯಾ?" ಎಂದರು. ಕನ್ನಡದಲ್ಲಿ, ಆದರೆ ಅವಳನ್ನಲ್ಲ, ಎಂದೋ ಯಾವುದೋ ಸ್ಟೇಷನ್ನಿನಲ್ಲಿ ಎದುರಿಗೆ ನಿಂತಿದ್ದ ಯಾರನ್ನೋ.

"ಮಾಡಿದೀನಿ ಸಾರ್."

ಕೊಳವೆ ತುಟಿಗೆ ತಾಗಿತು. ಕೆನ್ನೆ ಒಳಕ್ಕೆ ಹೋಯಿತು. ಗಂಟಲು ಒಮ್ಮೆ ಮೇಲೆ ಬಂದು ಕೆಳಗಿಳಿಯಿತು, ಮತ್ತೊಮ್ಮೆ. ಅವಳು ಆ ಗಂಟಲನ್ನೇ ನೋಡುತ್ತ ಕೂತಳು. ಡಬ್ಬಿ ಸುರುಸುರು ಎಂದು ಖಾಲಿಯಾಯಿತು.

ಫೋನು ಇನ್ನೂ ಕಿರುಚುತ್ತಿತ್ತು. ಸುತ್ತ ಮಳೆಯ ಗೋಡೆ, ತಲೆಯ ಮೇಲೆ ಕಬ್ಬಿಣದ ಗುಡುಗುಡು. ಅಂಕಿ 2.7 ಆಯಿತು. ಅಲ್ಲೇ ನಿಂತಿತು. ಮಾವ ಅವಳ ಭುಜಕ್ಕೆ ತಲೆ ಕೊಟ್ಟರು; ಅವಳು ಕದಲಲಿಲ್ಲ. ಇನ್ನೊಂದು ಕೈಯಲ್ಲಿ 995 ಎಂದು ಒತ್ತಿ, ಕರೆಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕಾದಳು. ಅಂಕಿ ಇಳಿದರೆ ಒತ್ತುವುದು. ಇಳಿಯಲಿಲ್ಲ. 2.9 ಆಯಿತು. 3.3. ಮಾತ್ರೆ ಕೊಟ್ಟಾಗ ಅವರು ತಾವೇ ಕೈಯಲ್ಲಿ ಹಿಡಿದು ಕಟಕಟನೆ ಅಗಿದರು. ಬಾಣ ಮೊದಲು ಅಡ್ಡವಾಯಿತು, ಆಮೇಲೆ ಓರೆಯಾಗಿ ಮೇಲಕ್ಕೆ ತಿರುಗಿತು.

"ಸೀಬೆಹಣ್ಣಿನ ಜ್ಯೂಸಾ ಇದು?" ಎಂದರು ಅನಂತರಾಮ್.

"ಹೂಂ ಮಾವ."

"ಬರೀ ಸಕ್ಕರೆ ನೀರು. ಹಣ್ಣು ತೋರ್ಸಿ ತೆಗೆದಿದಾರೆ."

ನಿಶ್ಚಿತಾ ಬೆರಳನ್ನು ಗುಂಡಿಯ ಮೇಲಿಂದ ಎತ್ತಿದಳು.

ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು, "ಯಾಕೆ ಹೋದ್ರಿ ಮಾವ ನೀವು?"

"ಹೇಳೇ ಹೋದ್ನಲ್ಲಮ್ಮ. ಬರ್ತೀನಿ ಅಂದೆ. ನೀನೂ ಬನ್ನಿ ಅಂದೆ."

"ಹಿಂದೆ ಬರ್ತೀರಿ ಅಂತ ನಾನು..."

"ನಾನ್ಯಾಕೆ ಬರ್ಲಿ? ನೀನೇ ಬೇಡ ಅಂದ್ಯಲ್ಲ." ಅವರು ಮಳೆಯನ್ನು ನೋಡಿದರು. "ಬೇಜಾರೇನಿಲ್ಲ. ಆಗಲ್ಲ ಅಂತ ನನಗೂ ಗೊತ್ತಿತ್ತು. ಆದ್ರೆ ನೀನು ಅಷ್ಟು ಖುಷಿಯಾಗಿ ಬನ್ನಿ ಅಂದಾಗ, ಅಯ್ಯೋ, ಇಷ್ಟು ದಿನ ಪಾಪ ನನ್ನ ಸಹಿಸ್ಕೊಂಡಿದ್ಲು ಅಂದ್ಕೊಂಡೆ."

ಅವಳು ಏನೋ ಹೇಳಲು ಹೋದಳು. ಅವಳ ಫೋನು ಹೊಡೆದುಕೊಂಡಿತು. ಸಂಕೇತ್. ಅತ್ತೆ ಹೇಳಿದ್ದರು. ಒಂದು ಕ್ಷಣ ಅವಳ ಬಾಯಿಗೆ ಒಂದು ಸುಳ್ಳು ಸಿದ್ಧವಾಗಿ ಬಂತು: ಏನಿಲ್ಲ, ಮಳೆಗೆ ನಿಂತಿದ್ವಿ. ಅದನ್ನು ಹೇಳಿದರೆ ಫ್ರಾನ್ಸ್ ಉಳಿಯುತ್ತದೆ. ಮಾವ ಅವಳ ಕೈಯಿಂದ ಫೋನು ತೆಗೆದುಕೊಂಡರು.

"ಹಾಂ, ಸಂಕೇತ್. ಸಿಕ್ಕಿದೀನಪ್ಪ. ಇಲ್ಲ, ಲೂಪ್ ಆಗಲಿಲ್ಲ. ಶುಗರ್ ಇಳೀತು. ಇಂಗ್ಲಿಷೂ ಮಾತಾಡಿರಬೇಕು." ಆ ಕಡೆಯ ಮಾತನ್ನು ಅವರು ಪೂರ್ತಿ ಕೇಳಿಸಿಕೊಂಡರು, ಅದು ಉದ್ದವಿತ್ತು. "ಸರಿ. ಕ್ಲೋಸ್ ಅಂದ್ರೆ ಕ್ಲೋಸ್. ಅವಳ ಮೇಲೆ ಕೂಗಾಡಬೇಡ. ಇಡ್ತೀನಿ."

ಫೋನು ವಾಪಸ್ಸು ಕೊಟ್ಟರು. ಮಳೆ ಬಂದ ಹಾಗೆಯೇ ನಿಂತಿತು. ತೊಲೆಗಳಿಂದ ನೀರು ತೊಟ್ಟಿಕ್ಕತೊಡಗಿತು, ಕೆಳಗೆ ರಸ್ತೆ ಹೊಳೆಯಿತು. ಹತ್ತಿರದ ಅಂಗಡಿ ಸಾಲಿನವರೆಗೆ ಹೋದರೆ ತಿನ್ನಲು ಏನಾದರೂ ಸಿಗುತ್ತದೆ, ಅಲ್ಲಿಂದ ದೊಡ್ಡ ಟ್ಯಾಕ್ಸಿ ಹಿಡಿದು ಎರಡೂ ಸೈಕಲ್ ಹಾಕಿಕೊಂಡು ಮನೆಗೆ, ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಮಾವ ಕಲ್ಲು ಹಿಡಿದು ಎದ್ದು ನಿಂತರು. ಒಂದು ಸಲ ತೂರಾಡಿ, ಸರಿಹೋದರು. ದಿಬ್ಬದ ಮೇಲಿನ ತಮ್ಮ ಸೈಕಲ್ಲಿನ ಕಡೆ ನೋಡಿದರು, ಆಮೇಲೆ ಅವಳ ಕಡೆ.

"ನಿಶ್ಚಿತಾ, ಸರಿಯಾಗಿ ಕೇಳಿಸ್ಕೊ," ಎಂದರು. ಗಂಟಲು ಸರಿಮಾಡಿಕೊಂಡರು. "ಸೈಕಲ್ ತರಕ್ಕೆ ಮೇಲಕ್ಕೆ ಹೋಗ್ತೀನಿ."

ಹೋಗ್ತೀನಿ. ಆ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ತಪ್ಪು ತಿಳಿಯಬಾರದೆಂದೇ ಆಡಿದ ಮಾತು, ಗಾಜಿನಷ್ಟು ಸ್ಪಷ್ಟವಾಗಿತ್ತು.

"ಹಾಗನ್ನಬೇಡಿ," ಎಂದಳು.

"ಇನ್ನೇನನ್ನಲಿ? ಅದಂದ್ರೆ ಹಿಂಗಾಗುತ್ತೆ, ಇದಂದ್ರೆ ನೀನು ಹಿಂಗೆ ನೋಡ್ತೀಯ."

ಅವಳು ಎದ್ದು ಅವರ ಫೋನನ್ನು ಅವರದೇ ಜೆರ್ಸಿಯ ಬೆನ್ನಿನ ಜೇಬಿಗೆ ಹಾಕಿ ಜಿಪ್ ಎಳೆದಳು. ಉಳಿದ ಮಾತ್ರೆಗಳನ್ನೂ ಅಲ್ಲೇ ತುರುಕಿದಳು. ಅವರು ಜನರಲ್ ವಾರ್ಡಿನ ಮಾತೆತ್ತಲಿಲ್ಲ.

"ನಡೀರಿ, ನೀವು ಮುಂದೆ," ಎಂದಳು.

ಒದ್ದೆ ಹುಲ್ಲಿನಲ್ಲಿ ಅವರು ದಿಬ್ಬ ಹತ್ತಿದರು, ನಿಧಾನವಾಗಿ, ಮಾತಿಲ್ಲದೆ, ಹಬೆ ಪೋಲು ಮಾಡದೆ. ಅವಳು ಹಿಂದೆಯೇ ಹತ್ತಿದಳು, ಅವರ ಬೆನ್ನಿನ ಜೇಬಿನಲ್ಲಿ ಮಿಣುಕುತ್ತಿದ್ದ ಫೋನಿನ ಬೆಳಕಿನಿಂದ ಕಣ್ಣು ತೆಗೆಯದೆ.